ಸೊಂಟದ ಕೃತಕ ಕೀಲು: ಅಳತೆ ಮತ್ತು ನಡಿಗೆ

ಸೊಂಟದ ಕೀಲು ಸವೆದು ನಾಲ್ಕು ಹೆಜ್ಜೆ ಇಡುವುದೂ ದುಸ್ತರವಾದವರಿಗೆ ಕೀಲುಬದಲಿ ಶಸ್ತ್ರಚಿಕಿತ್ಸೆಯು ವರದಾನವಾಗಿದೆ. ಆದರೆ ‘ದೊಡ್ಡ ಅಳತೆಯ ಕೀಲು ಹಾಕಿಸಿದರೆ ಬೇಗ ನಡೆಯಬಹುದಂತೆ, ಸಾಲ ಮಾಡಿಯಾದರೂ ಅದನ್ನೇ ಹಾಕಿಸಲೇ?’ ಎಂದು ಕೇಳುವ ಸದ್ಭಕ್ತರನ್ನು ನಾವು ಆಗಾಗ ಕಾಣುತ್ತೇವೆ. ಇದಕ್ಕೆ ಉತ್ತರಿಸುವ ಮುನ್ನ ಅಳತೆಯೆಂದರೆ ಯಾವುದರ ಅಳತೆ ಎಂಬುದನ್ನು ಅರಿಯಬೇಕು.

ಕೃತಕ ಕೀಲಿನಲ್ಲಿ ಒಂದು ಬಟ್ಟಲು, ಅದರಲ್ಲಿ ತಿರುಗುವ ಗುಂಡು ಹಾಗೂ ತೊಡೆಮೂಳೆಯೊಳಗೆ ಇಳಿಯುವ ದಂಡ ಇರುತ್ತವೆ. ೧೯೬೨ರ ವೇಳೆಗೆ ಇಂಗ್ಲೆಂಡಿನ ಜಾನ್ ಚಾರ್ನ್ಲಿಯವರು ರೂಪಿಸಿದ ಕೀಲಿನ ಗುಂಡಿನ ವ್ಯಾಸ ಸುಮಾರು ೨೨ ಮಿ.ಮೀ. ಇಂದು ೨೮, ೩೨, ೩೬ ಮಿ.ಮೀ. ಗುಂಡುಗಳು ಬಳಕೆಯಲ್ಲಿವೆ. ದೊಡ್ಡ ಗುಂಡು ಬಟ್ಟಲಿನಿಂದ ಸುಲಭವಾಗಿ ಜಾರದು. ಕೀಲು ತಪ್ಪುವ ಭಯ ಕಡಿಮೆ. ಇದೇ ಅದರ ಮುಖ್ಯ ಗುಣ. ಆದರೆ ಬಟ್ಟಲಿನ ಹೊರ ಅಳತೆಯನ್ನು ರೋಗಿಯ ಮೂಳೆಯೇ ನಿರ್ಧರಿಸುವುದರಿಂದ, ಗುಂಡು ಹಿಗ್ಗಿದಂತೆ ಬಟ್ಟಲಿನ ಒಳಪದರವು ತೆಳುವಾಗುತ್ತದೆ. ಲೋಹದ ಬಟ್ಟಲಿನಲ್ಲಿ ಲೋಹದ ದೊಡ್ಡ ಗುಂಡನ್ನಿಟ್ಟ ಕೆಲವು ಕೀಲುಗಳು ಸವೆದು, ಲೋಹದ ಕಣಗಳು ಸುತ್ತಲಿನ ಮಾಂಸವನ್ನು ಕೆಡಿಸಿದವು. ಅಂಥ ಒಂದು ಬಗೆಯನ್ನು ೨೦೧೦ರಲ್ಲಿ ಜಗತ್ತಿನಾದ್ಯಂತ ಹಿಂದಕ್ಕೆ ಪಡೆಯಲಾಯಿತು. ಸಮತಟ್ಟಾದ ನೆಲದ ಮೇಲೆ ನಡೆಯಲು ಬೇಕಾದಷ್ಟು ಚಲನೆಯನ್ನು ೨೮ ಮಿ.ಮೀ. ಗುಂಡೂ ಕೊಡುತ್ತದೆ. ಆದುದರಿಂದ ಗುಂಡು ದೊಡ್ಡದಾದ ಮಾತ್ರಕ್ಕೆ ನಡಿಗೆ ಚುರುಕಾಗದು.

ನಡಿಗೆಯನ್ನು ನಿರ್ಧರಿಸುವ ಅಳತೆಗಳು ಬೇರೆ ಇವೆ. ದಂಡವು ತೀರಾ ಸಣ್ಣದಾದರೆ ಮೂಳೆಯೊಳಗೆ ಕುಸಿದು ತೊಡೆನೋವು ತರಬಹುದು. ತೀರಾ ದಪ್ಪವಾದರೆ ಮೂಳೆ ಬಿರಿಯಬಹುದು. ಗುಂಡಿನ ನಡುವಿನಿಂದ ತೊಡೆಮೂಳೆಯ ನೇರಕ್ಕಿರುವ ಅಂತರವು ಕುಗ್ಗಿದರೆ ಸೊಂಟದ ಪಕ್ಕದ ಸ್ನಾಯುಗಳು ಸಡಿಲಾಗಿ ಕುಂಟು ಉಳಿಯುತ್ತದೆ. ಅತಿಯಾಗಿ ಹೆಚ್ಚಿದರೆ ಪಕ್ಕದಲ್ಲಿ ನೋವು ಕಾಣುತ್ತದೆ. ಕಾಲಿನ ಉದ್ದವೂ ಸರಿಹೊಂದಬೇಕು. ಇದಕ್ಕಾಗಿಯೇ ಶಸ್ತ್ರವೈದ್ಯರು ಮುಂಚಿತವಾಗಿ ಎಕ್ಸ್‌ರೇ ಮೇಲೆ ಅಳತೆ ಹಾಕುತ್ತಾರೆ. ‘ನಮ್ಮ ಮೂಳೆಗೆ ಯಾವ ಅಳತೆ ಹೊಂದುತ್ತದೆ, ಏಕೆ?’ ಎಂದು ಅವರನ್ನೇ ಕೇಳಿರಿ.

ಶಸ್ತ್ರಚಿಕಿತ್ಸೆಯ ಬಳಿಕ ಕಾಲು ಉದ್ದವಾದಂತೆ ತೋರಿದರೆ ಕೂಡಲೇ ಎದೆಗುಂದಬೇಕಿಲ್ಲ. ಬಹುಕಾಲ ಬಿಗಿದ ಸ್ನಾಯುಗಳು ಸಡಿಲಾಗಿ ಸೊಂಟವು ಸಮವಾಗುವವರೆಗೆ ಕೆಲವು ತಿಂಗಳು ಹೀಗೆನಿಸುವುದುಂಟು. ಅವಸರಪಟ್ಟು ಪಾದರಕ್ಷೆಯ ಅಟ್ಟೆ ಎತ್ತರಿಸದೆ ವೈದ್ಯರಿಂದ ಅಳತೆ ಮಾಡಿಸಿರಿ. ವರ್ಷಗಟ್ಟಲೆ ನೋವಿನಿಂದ ಸೊರಗಿದ ಸ್ನಾಯುಗಳಿಗೆ ಬಲ ಬರುವುದು ನಿತ್ಯದ ವ್ಯಾಯಾಮದಿಂದಲೇ. ಊರುಗೋಲನ್ನು ಮತ್ತೊಂದು ಬದಿಯ ಕೈಯಲ್ಲಿ ಹಿಡಿಯಿರಿ. ವೈದ್ಯರು ಅನುಮತಿಸುವವರೆಗೆ ಪೂಜೆಯನ್ನೂ ಪ್ರಸಾದವನ್ನೂ ಎತ್ತರದ ಕುರ್ಚಿಯಲ್ಲಿ ಕುಳಿತೇ ಪೂರೈಸಿರಿ.

ಆಯುರ್ವೇದ ವೈದ್ಯರಾಗಿ ನಾವು ಒಂದು ಮಾತನ್ನು ಒತ್ತಿ ಹೇಳುತ್ತೇವೆ: ಗಾಯ ಪೂರ್ಣ ಮಾಯುವ ಮುನ್ನ ಅಲ್ಲಿ ತೈಲ ಸೋಕಿಸಬಾರದು. ಮೀನಖಂಡ ಊದಿ ನೋಯುತ್ತಿದ್ದರೆ ತಿಕ್ಕಲೇಬಾರದು. ಅದು ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತವಾಗಿದ್ದು, ಸಡಿಲಗೊಂಡು ಶ್ವಾಸಕೋಶ ಸೇರಿದರೆ ಪ್ರಾಣಕ್ಕೇ ಅಪಾಯ. ಅಂದೇ ಆಸ್ಪತ್ರೆಗೆ ತೆರಳಿರಿ.