ಯಾದವೀ ಯುದ್ಧದ ನಾಲ್ಕು ಕಾದಂಬರಿಗಳು

ಒಂದೇ ನಾಡಿನ ಜನ ಎರಡು ಪಾಳೆಯಗಳಾಗಿ ಒಡೆದು ಕಾದಾಡುವುದನ್ನು ಕನ್ನಡದಲ್ಲಿ ‘ಅಂತರ್ಯುದ್ಧ’ ಎನ್ನುತ್ತಾರೆ. ಮರಾಠಿಯಲ್ಲಿ ಅದಕ್ಕೆ ‘ಯಾದವೀ ಯುದ್ಧ’ವೆಂಬ ಹೆಸರಿದೆ. ಯಾದವರು ತಮ್ಮತಮ್ಮಲ್ಲೇ ಹೊಡೆದಾಡಿ ಅಳಿದ ಮೌಸಲಪರ್ವದ ಕಥೆ ಆ ಹೆಸರಿನ ಹಿಂದಿದೆ. ಕನ್ನಡದ ಪದ ಯುದ್ಧ ನಡೆಯುವ ಸ್ಥಳವನ್ನು ಸೂಚಿಸಿದರೆ, ಮರಾಠಿಯ ಪದ ಅದರ ಫಲವನ್ನು ಸೂಚಿಸುತ್ತದೆ. ರನ್ನನ ‘ಗದಾಯುದ್ಧ’ವನ್ನು ಓದಿದ ಐಚ್ಛಿಕ ಕನ್ನಡ ವಿದ್ಯಾರ್ಥಿಗಳಿಗೆ ಈ ಭಾವ ಹೊಸದಲ್ಲ. ಅಲ್ಲಿ ರಣಭೂಮಿಯಲ್ಲಿ ನಡೆಯುವ ದುರ್ಯೋಧನನು ತನ್ನ ತಮ್ಮ, ಮಗ, ಗೆಳೆಯರಿಗಾಗಿ ಶೋಕಿಸುವುದಷ್ಟೇ ಅಲ್ಲ, ಹಗೆಯ ಮಗನಾದ ಅಭಿಮನ್ಯುವಿನ ಶವದೆದುರು ನಿಂತು ಅವನ ಪರಾಕ್ರಮವನ್ನೂ ಕೊಂಡಾಡುತ್ತಾನೆ. ಈ ಪ್ರಸಂಗವನ್ನು ಮನಸ್ಸಿನಲ್ಲಿಟ್ಟು ಓದಬಹುದಾದ, ಲೋಕಪ್ರಸಿದ್ಧವಾದ ನಾಲ್ಕು ಕಾದಂಬರಿಗಳಿವೆ.

ಮೊದಲನೆಯದು ಬೋರಿಸ್ ಪಾಸ್ತರ್ನಾಕ್ ಅವರ ‘ಡಾಕ್ಟರ್ ಜಿವಾಗೊ’. ಸ್ವದೇಶದಲ್ಲಿ ಪ್ರಕಟಣೆಗೆ ಅವಕಾಶ ಸಿಗದೆ 1957ರಲ್ಲಿ ಇಟಲಿಯಲ್ಲಿ ಬೆಳಕು ಕಂಡ ಕೃತಿಯಿದು. ರಷ್ಯಾದ ಕ್ರಾಂತಿಯ ಬಳಿಕ ಕೆಂಪು ಮತ್ತು ಬಿಳಿ ಪಡೆಗಳ ನಡುವೆ ನಡೆದ ಯುದ್ಧದಲ್ಲಿ ವೈದ್ಯ ಜಿವಾಗೊ ಕೆಂಪು ಗೆರಿಲ್ಲಾಗಳ ಸೆರೆಯಾಳು. ಒಂದು ಕಾಳಗದ ಕೊನೆಗೆ ಸತ್ತ ಗೆರಿಲ್ಲಾನೊಬ್ಬನ ಕೊರಳ ತಾಯಿತದಲ್ಲಿ ಅವನಿಗೆ ಒಂದು ಪ್ರಾರ್ಥನೆಯ ಚೀಟಿ ಸಿಗುತ್ತದೆ. ಎದುರು ಪಡೆಯ ತರುಣನ ಕೊರಳಿನಲ್ಲೂ ಅದೇ ಪ್ರಾರ್ಥನೆ! ಜೀವ ಉಳಿದಿದ್ದ ಆ ತರುಣನಿಗೆ ಸತ್ತವನ ಉಡುಪು ತೊಡಿಸಿ, ಶುಶ್ರೂಷೆ ಮಾಡಿ, ಗುಟ್ಟಾಗಿ ಬಿಟ್ಟುಬಿಡುತ್ತಾನೆ ಜಿವಾಗೊ. ಮರಳಿ ತನ್ನ ಪಡೆಯನ್ನೇ ಸೇರಿ ಹೋರಾಡುವೆನೆಂದು ತರುಣ ಮುಚ್ಚಿಡದೆ ಹೇಳುತ್ತಾನೆ. ಕರುಣೆಗೆ ಸುಲಭದ ಪ್ರತಿಫಲವನ್ನು ಕಾದಂಬರಿ ಕೊಡುವುದಿಲ್ಲ.

ಅರ್ನೆಸ್ಟ್ ಹೆಮಿಂಗ್ವೆ ಅವರ ‘ಫಾರ್ ಹೂಮ್ ದ ಬೆಲ್ ಟೋಲ್ಸ್’ (1940) ಸ್ಪೇನಿನ 1936–39ರ ಯುದ್ಧಕ್ಕೆ ಸಂಬಂಧಿಸಿದ್ದು. ಒಂದು ಸೇತುವೆಯನ್ನು ಸಿಡಿಸುವ ಕಾರ್ಯ ಮತ್ತು ಕೆಲವೇ ದಿನಗಳ ಅವಧಿ, ಇಷ್ಟೇ ಕಥೆಯ ಹರಹು. ಲೇಖಕರ ಒಲವು ಗಣರಾಜ್ಯವಾದಿಗಳ ಕಡೆಗಿದೆ. ಆದರೂ ಆ ಪಕ್ಷದವರೇ ತಮ್ಮ ಊರಿನ ವಿರೋಧಿಗಳನ್ನು ಬಡಿದು ಕಡಿದಾದ ಬಂಡೆಯಿಂದ ಕೆಳಗೆ ತಳ್ಳಿದ ಕ್ರೌರ್ಯವನ್ನು ಪಿಲಾರ್ ಎಂಬ ಹೆಣ್ಣಿನ ಬಾಯಲ್ಲಿ ಅವರು ಹೇಳಿಸುತ್ತಾರೆ.

ಚಿಮಮಾಂಡ ಅಡೀಚಿ ಅವರ ‘ಹಾಫ್ ಆಫ್ ಎ ಯೆಲ್ಲೋ ಸನ್’ (2006) ನೈಜೀರಿಯಾದಿಂದ ಬಿಯಾಫ್ರಾ ಬೇರ್ಪಟ್ಟಾಗ 1967ರಿಂದ 1970ರವರೆಗೆ ನಡೆದ ಯುದ್ಧದ ಕಥೆ. ಯುದ್ಧ ಮುಗಿದ ಏಳು ವರ್ಷಗಳ ಬಳಿಕ ಹುಟ್ಟಿದ ಲೇಖಕಿ ತನ್ನ ಇಬ್ಬರು ಅಜ್ಜಂದಿರನ್ನೂ ಅದರಲ್ಲಿ ಕಳೆದುಕೊಂಡವರು. ವಿಶ್ವವಿದ್ಯಾಲಯದ ಅಧ್ಯಾಪಕನ ಮನೆಗೆ ಕೆಲಸಕ್ಕೆ ಬಂದ ಹಳ್ಳಿಯ ಹುಡುಗ ಉಗ್ವು ಅಲ್ಲಿಯೇ ಓದು ಕಲಿಯುತ್ತಾನೆ. ಮುಂದೆ ಬಲವಂತವಾಗಿ ಸೈನ್ಯಕ್ಕೆ ಒಯ್ಯಲ್ಪಟ್ಟು, ಓದುಗರಿಗೆ ಅಷ್ಟು ಪ್ರಿಯನಾದ ಅವನೇ ಒಂದು ಅತ್ಯಾಚಾರದಲ್ಲಿ ಪಾಲುಗೊಳ್ಳುತ್ತಾನೆ. ಯುದ್ಧದ ಪುಸ್ತಕವನ್ನು ಬರೆಯುವವನೂ ಅವನೇ ಎಂಬುದು ಕೊನೆಗೆ ತಿಳಿಯುತ್ತದೆ. ಸಾಕ್ಷಿ ನುಡಿಯುವವನು ನಿರಪರಾಧಿಯೇ ಆಗಿರಬೇಕೆ ಎಂಬ ಕಠಿಣ ಪ್ರಶ್ನೆ ಇಲ್ಲಿದೆ.

ನಾಲ್ಕನೆಯದು ಮಾರ್ಗರೆಟ್ ಮಿಚೆಲ್ ಅವರ ‘ಗಾನ್ ವಿತ್ ದ ವಿಂಡ್’ (1936). 1861–65ರ ಅಮೆರಿಕದ ಅಂತರ್ಯುದ್ಧವನ್ನು ಕುರಿತ ಇದು ಅಪಾರ ಜನಪ್ರಿಯತೆ ಗಳಿಸಿ, ಪುಲಿಟ್ಜರ್ ಪ್ರಶಸ್ತಿ ಪಡೆದು, ಚಲನಚಿತ್ರವೂ ಆಯಿತು. ಸ್ಕಾರ್ಲೆಟ್‌ಳ ಛಲ, ಹಸಿವು, ಅಟ್ಲಾಂಟಾದ ಮುತ್ತಿಗೆ ಇವುಗಳ ಚಿತ್ರಣ ಓದುಗನನ್ನು ಹಿಡಿದಿಡುತ್ತದೆ. ಆದರೆ ಯುದ್ಧದ ಮೂಲವಾದ ಗುಲಾಮಗಿರಿಯನ್ನು ಅದು ಒಡೆಯರ ಕಣ್ಣಿನಿಂದಲೇ ನೋಡುತ್ತದೆ. ಸುಮಾರು 40 ಲಕ್ಷ ಜನ ಗುಲಾಮರಾಗಿದ್ದ ವ್ಯವಸ್ಥೆ ಇಲ್ಲಿ ಕಳೆದುಹೋದ ಸುಖದ ಕಾಲವಾಗಿ ತೋರುತ್ತದೆ. ಕಥನದ ಸೊಗಸು ಸತ್ಯವನ್ನು ಮರೆಮಾಚಬಲ್ಲದೆಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ವಿರಳ.

ಆದ್ದರಿಂದ ವಿದ್ಯಾರ್ಥಿಗಳು ಮಿಚೆಲ್ ಅವರ ಕೃತಿಯನ್ನು ಕೊನೆಗೆ ಓದುವುದು ಲೇಸು. ಉಳಿದ ಮೂರನ್ನು ಓದಿ ಬಂದವರು ಅಲ್ಲಿ ಯಾರ ಶೋಕಕ್ಕೆ ಮಾತು ದೊರೆತಿದೆ, ಯಾರದು ಮೂಕವಾಗಿದೆ ಎಂಬುದನ್ನು ತಾವೇ ಕಂಡುಕೊಳ್ಳಬಲ್ಲರು.