ರಸ್ತೆ ದಾಟುವವರಿಗೊಂದು ಮಗ್ಗಿ

ಅಮೆರಿಕದಲ್ಲಿ ರಸ್ತೆ ದಾಟುತ್ತಿದ್ದವನಿಗೆ ಲಾರಿ ಗುದ್ದಿತೆನ್ನಿ. ದಾವೆ ವಿಚಾರಣೆಗೆ ಬಂದಾಗ ಊರಿನ ಸಾಮಾನ್ಯ ಜನರನ್ನೇ ಕರೆಸಿ ಜ್ಯೂರಿ ಕೂರಿಸುತ್ತಾರೆ. ಅಂಗಡಿಯವರು, ಮೇಷ್ಟ್ರು, ನರ್ಸು, ಯಾರೂ ಇರಬಹುದು. ಅವರು ಎರಡೂ ಕಡೆಯ ಮಾತು ಕೇಳುತ್ತಾರೆ, ಒಳಗೆ ಹೋಗಿ ಚರ್ಚಿಸುತ್ತಾರೆ, ಹೊರಬಂದು ಒಂದು ಮೊತ್ತ ಹೇಳುತ್ತಾರೆ. ಅದು 1 ಕೋಟಿ ಡಾಲರ್ ದಾಟಿತೋ, ಅಲ್ಲಿನ ವಿಮಾ ಕಂಪನಿಗಳ ಬಾಯಲ್ಲಿ ಅದಕ್ಕೆ ‘ನ್ಯೂಕ್ಲಿಯರ್ ವರ್ಡಿಕ್ಟ್’ ಎಂದು ಹೆಸರು. ಅಣುಬಾಂಬಿನಂಥ ತೀರ್ಪು!

ಈಗ ತುಮಕೂರು ತಾಲ್ಲೂಕಿನ ಕೋರಕ್ಕೆ ಬನ್ನಿ. ದೆಹಲಿಯಿಂದ ಮುಂಬೈ, ಬೆಂಗಳೂರು ಹಾದು ಚೆನ್ನೈ ಮುಟ್ಟುವ ರಾಷ್ಟ್ರೀಯ ಹೆದ್ದಾರಿ 48 ಈ ಹೋಬಳಿಯ ಮೂಲಕವೇ ಶಿರಾ ಕಡೆಗೆ ಓಡುತ್ತದೆ. ವಸಂತನರಸಾಪುರ ಕೈಗಾರಿಕಾ ಪ್ರದೇಶ ಇರುವುದೂ ಇಲ್ಲೇ, 2014ರ ಸೆಪ್ಟೆಂಬರ್‌ನಲ್ಲಿ ಪ್ರಧಾನಿ ಉದ್ಘಾಟಿಸಿದ ಫುಡ್ ಪಾರ್ಕ್ ಇರುವುದೂ ಇಲ್ಲೇ. ಶಿಫ್ಟಿಗೆ ಹೋಗುವವರು, ಹೊಲಕ್ಕೆ ಹೋಗುವವರು, ಶಾಲೆಯ ಮಕ್ಕಳು ಎಲ್ಲರೂ ಈ ರಸ್ತೆಯ ಆಚೆ-ಈಚೆ ಆಗಲೇಬೇಕು. ಇಲ್ಲಿ ಯಾರಿಗಾದರೂ ವಾಹನ ಗುದ್ದಿದರೆ ಜ್ಯೂರಿ ಕೂರುವುದಿಲ್ಲ. ನಮ್ಮ ದೇಶದಲ್ಲಿ ಕ್ರಿಮಿನಲ್ ಕೇಸುಗಳಿಗೆ ಒಂದು ಕಾಲದಲ್ಲಿ ಜ್ಯೂರಿ ಇತ್ತು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಅದಕ್ಕೂ ಜಾಗ ಸಿಗಲಿಲ್ಲ. ಹಾಗಾದರೆ ಒಂದು ಜೀವದ ಬೆಲೆಯನ್ನು ಇಲ್ಲಿ ಯಾರು ಕಟ್ಟುತ್ತಾರೆ?

ಒಂದು ಮಗ್ಗಿ ಕಟ್ಟುತ್ತದೆ! ಹೌದು, ಒಂದು ಕೋಷ್ಟಕ. ವಯಸ್ಸು ಹೇಳಿದರೆ ಅದು ಅಂಕಿ ಕೊಡುತ್ತದೆ. 15ರಿಂದ 25 ವರ್ಷದವರಿಗೆ 18. 26ರಿಂದ 30ಕ್ಕೆ 17, 31ರಿಂದ 35ಕ್ಕೆ 16, 36ರಿಂದ 40ಕ್ಕೆ 15. ಹೀಗೆ ಇಳಿಯುತ್ತಾ 65 ದಾಟಿದವರಿಗೆ 5. 2009ರಲ್ಲಿ ಸರಳಾ ವರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಈ ಗುಣಕಗಳನ್ನು ದೇಶಕ್ಕೆಲ್ಲ ಒಂದೇ ಎಂದು ನಿಲ್ಲಿಸಿತು. 2017ರ ಅಕ್ಟೋಬರ್ 31ರಂದು ಪ್ರಣಯ್ ಸೇಠಿ ಪ್ರಕರಣದಲ್ಲಿ ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠ ಅದರ ಮೇಲೆ ಮುದ್ರೆ ಒತ್ತಿತು.

ಲೆಕ್ಕ ಹಾಕಿ ನೋಡೋಣ. ಇದು ಬರೀ ಊಹೆಯ ಉದಾಹರಣೆ. 38 ವರ್ಷದ ಹೆಣ್ಣುಮಗಳು, ತಿಂಗಳಿಗೆ 15,000 ರೂಪಾಯಿ ದುಡಿಯುವವಳು, ಹೆದ್ದಾರಿ ದಾಟುವಾಗ ತೀರಿಕೊಂಡಳು. ಮನೆಯಲ್ಲಿ ಗಂಡ, ಇಬ್ಬರು ಮಕ್ಕಳು, ತಾಯಿ. ವರ್ಷದ ದುಡಿಮೆ 1,80,000. ಮುಂದೆ ಕೂಲಿ ಏರುತ್ತಿತ್ತಲ್ಲ ಎಂದು ಕಾನೂನೇ ಅದಕ್ಕೆ ಶೇ 40 ಸೇರಿಸುತ್ತದೆ: 2,52,000. ತನ್ನ ಖರ್ಚಿಗೇ ಅವಳು ಒಂದಿಷ್ಟು ಇಟ್ಟುಕೊಳ್ಳುತ್ತಿದ್ದಳಲ್ಲ, ಅವಲಂಬಿತರು ನಾಲ್ವರಾದ್ದರಿಂದ ಕಾಲು ಭಾಗ ಕಳೆಯಿರಿ: 1,89,000. ವಯಸ್ಸು 38, ಗುಣಕ 15. ಗುಣಿಸಿ: 28,35,000! ಅದರ ಮೇಲೆ ಪ್ರೀತಿ-ಆಸರೆ ಕಳೆದುಕೊಂಡದ್ದಕ್ಕೆ ಒಬ್ಬೊಬ್ಬರಿಗೆ 48,400, ಆಸ್ತಿನಷ್ಟಕ್ಕೆ 18,150, ಅಂತ್ಯಕ್ರಿಯೆಗೆ 18,150. 2017ರಲ್ಲಿ 40,000 ಮತ್ತು 15,000 ಇದ್ದ ಈ ಮೊತ್ತಗಳು ಮೂರು ವರ್ಷಕ್ಕೊಮ್ಮೆ ಶೇ 10 ಏರುತ್ತಾ ಇಲ್ಲಿಗೆ ಬಂದಿವೆ. ಎಲ್ಲ ಕೂಡಿದರೆ 30,64,900 ರೂಪಾಯಿ, ಜೊತೆಗೆ ಅರ್ಜಿ ಹಾಕಿದ ದಿನದಿಂದ ಬಡ್ಡಿ. ವಕೀಲರ ಭಾವುಕ ಭಾಷಣ ಬೇಕಿಲ್ಲ. ಪೆನ್ನು, ಕಾಗದ ಸಾಕು.

ಮೈ ಜುಮ್ಮೆನ್ನುವುದು ಮುಂದಿನ ಹೆಜ್ಜೆಯಲ್ಲಿ. ಅದೇ ಹೆಣ್ಣುಮಗಳಿಗೆ 41 ತುಂಬಿತ್ತು ಎಂದಿಟ್ಟುಕೊಳ್ಳಿ. ಶೇ 40 ಇದ್ದದ್ದು ಶೇ 25 ಆಗುತ್ತದೆ, ಗುಣಕ 14ಕ್ಕೆ ಇಳಿಯುತ್ತದೆ. 28,35,000 ಇದ್ದದ್ದು 23,62,500! ಮೂರೇ ವರ್ಷದ ಅಂತರಕ್ಕೆ 4,72,500 ರೂಪಾಯಿ! ಟ್ರಂಕಿನ ತಳದಲ್ಲಿ ಮಡಚಿಟ್ಟ ಶಾಲೆಯ ಟಿಸಿಗೆ ಇದಕ್ಕಿಂತ ದೊಡ್ಡ ಬೆಲೆ ಬಂದೀತೆ? 2024ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಇಂಥದ್ದೇ ಪರಿಹಾರದ ಪ್ರಕರಣವೊಂದರಲ್ಲಿ ಆಧಾರ್ ಕಾರ್ಡ್ ವಯಸ್ಸಿನ ಪುರಾವೆಯಲ್ಲ ಎಂದು ಹೇಳಿ, ಶಾಲಾ ದಾಖಲೆಯನ್ನೇ ನಂಬಿ, ಗುಣಕವನ್ನು 13ರಿಂದ 14ಕ್ಕೆ ಏರಿಸಿತು.

ದುಡಿಮೆಯೇ ಇಲ್ಲದಿದ್ದರೆ? ಮನೆಗೆಲಸ ದುಡಿಮೆಯಲ್ಲ ಎಂದವರು ಯಾರು! 2021ರ ಜನವರಿಯಲ್ಲಿ ಕೀರ್ತಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಗೃಹಿಣಿಯ ಕೆಲಸಕ್ಕೂ ಆದಾಯ ಕಟ್ಟಲೇಬೇಕು ಎಂದಿತು. ಕೇಳಿದ್ದಕ್ಕಿಂತ ಹೆಚ್ಚು ಕೊಡಬಹುದೆ? ಅದೂ ಆಗುತ್ತದೆ. ನ್ಯಾಯವಾದ ಪರಿಹಾರ ಎಷ್ಟೋ ಅಷ್ಟನ್ನು ಕೊಡಲು ಅರ್ಜಿಯಲ್ಲಿ ಬರೆದ ಮೊತ್ತ ಅಡ್ಡಿಯಲ್ಲ ಎಂದು ನಾಗಪ್ಪ ವಿರುದ್ಧ ಗುರುದಯಾಳ್ ಸಿಂಗ್ ಪ್ರಕರಣದಲ್ಲಿ 2002ರಲ್ಲೇ ತೀರ್ಪಾಗಿದೆ.

ಈ ಮಗ್ಗಿ ಹುಟ್ಟಿದ್ದು ಎಲ್ಲಿ? ದೆಹಲಿಯಲ್ಲಲ್ಲ. ಬ್ರಿಟನ್ನಿನ ಕಲ್ಲಿದ್ದಲು ಗಣಿಯಲ್ಲಿ! ಗಣಿಯಲ್ಲಿ ಸತ್ತ ಕಾರ್ಮಿಕರ ಮನೆಯವರಿಗೆ ಎಷ್ಟು ಕೊಡಬೇಕೆಂಬ ಡೇವಿಸ್ ಪ್ರಕರಣದಲ್ಲಿ 1942ರಲ್ಲಿ ಲಂಡನ್ನಿನ ಹೌಸ್ ಆಫ್ ಲಾರ್ಡ್ಸ್ ಈ ಗುಣಾಕಾರದ ದಾರಿ ತೋರಿಸಿತು. ಮುಂದೆ ಸೂಸಮ್ಮ ಥಾಮಸ್ ಪ್ರಕರಣದಲ್ಲಿ ನಮ್ಮ ಸುಪ್ರೀಂ ಕೋರ್ಟ್ ಇದೇ ಸರಿಯಾದ ದಾರಿ ಎಂದಿತು. ಇನ್ನೂ ಹಿಂದೆ ಹೋದರೆ ಬೆಚ್ಚಿಬೀಳುತ್ತೀರಿ. 1808ರಲ್ಲಿ ಇಂಗ್ಲೆಂಡಿನಲ್ಲಿ ಕುದುರೆ ಕೋಚ್ ಮಗುಚಿ ಹೆಂಡತಿಯನ್ನು ಕಳೆದುಕೊಂಡವನಿಗೆ, ಮನುಷ್ಯನ ಸಾವಿಗೆ ಸಿವಿಲ್ ಪರಿಹಾರವೇ ಇಲ್ಲ ಎಂದು ನ್ಯಾಯಾಧೀಶರು ಹೇಳಿದ್ದರು. ಗಾಯವಾದರೆ ದುಡ್ಡು, ಸತ್ತರೆ ಸೊನ್ನೆ! ಆ ಸೊನ್ನೆಯನ್ನು ಅಳಿಸುವ ಕಾಯ್ದೆ ಅಲ್ಲಿ ಬಂದದ್ದು 1846ರಲ್ಲಿ, ಬ್ರಿಟಿಷ್ ಇಂಡಿಯಾಕ್ಕೆ 1855ರಲ್ಲಿ.

ನಡೆದು ಹೋಗುವವರ ಪರವಾಗಿ ದೊಡ್ಡ ಮಾತು ಆಡಿದವರು ಯಾರು ಗೊತ್ತೆ? ನಮ್ಮವರೇ! ಪಾಂಡವಪುರ ತಾಲ್ಲೂಕಿನ ಎಂಗಲಗುಪ್ಪೆಯಲ್ಲಿ ಹುಟ್ಟಿ 1989ರಲ್ಲಿ ದೇಶದ ಮುಖ್ಯ ನ್ಯಾಯಮೂರ್ತಿಯಾದ ಇ.ಎಸ್. ವೆಂಕಟರಾಮಯ್ಯ. ಅದಕ್ಕೆ ಎರಡು ವರ್ಷ ಮೊದಲು, 1987ರಲ್ಲಿ, ಗುಜರಾತಿನ ರಸ್ತೆ ಸಾರಿಗೆ ನಿಗಮದ ಪ್ರಕರಣವೊಂದರಲ್ಲಿ ಅವರು ಬರೆದ ತೀರ್ಪಿನ ತಿರುಳು ಇಷ್ಟು: ತನ್ನ ತಪ್ಪಿಲ್ಲದ ಪಾದಚಾರಿಗೆ ವಾಹನ ಗುದ್ದಿದರೆ, ಚಾಲಕ ನಿರ್ಲಕ್ಷ್ಯ ಮಾಡಿರಲಿ ಬಿಡಲಿ, ಪರಿಹಾರ ಸಿಗಬೇಕು, ಸಾಮಾಜಿಕ ನ್ಯಾಯಕ್ಕೆ ಅರ್ಥ ಬರುವುದೇ ಆಗ. ಆ ದಿಕ್ಕಿನಲ್ಲೇ ಕಾಯ್ದೆ ಇಂದು ಎಷ್ಟು ದೂರ ಬಂದಿದೆ ನೋಡಿ. ಮೋಟಾರು ವಾಹನ ಕಾಯ್ದೆಯ 164ನೇ ಕಲಮಿನಡಿ ಯಾರ ತಪ್ಪೆಂದು ಸಾಬೀತು ಮಾಡದೆಯೇ ಸಾವಿಗೆ 5 ಲಕ್ಷ, ತೀವ್ರ ಗಾಯಕ್ಕೆ 2.5 ಲಕ್ಷ. ಗುದ್ದಿ ಓಡಿಹೋದ ವಾಹನ ಸಿಗದೇ ಹೋದರೂ ಸಾವಿಗೆ 2 ಲಕ್ಷ, ತೀವ್ರ ಗಾಯಕ್ಕೆ 50,000.

ಮಗ್ಗಿಯ ಪೂರ್ತಿ ಮೊತ್ತ ಬೇಕೆಂದರೆ ಮಾತ್ರ 166ನೇ ಕಲಮಿನಡಿ ಮೋಟಾರು ಅಪಘಾತ ನ್ಯಾಯಮಂಡಳಿಯಲ್ಲಿ ಕೇಸು ಹಾಕಿ ಚಾಲಕನ ನಿರ್ಲಕ್ಷ್ಯ ತೋರಿಸಬೇಕು. ಇಲ್ಲಿ ಇಡೀ ನಾಟಕ ಒಂದು ಹಾಳೆಯ ಮೇಲೆ ನಡೆಯುತ್ತದೆ: ಪೊಲೀಸರ ಸ್ಪಾಟ್ ಸ್ಕೆಚ್. ರಸ್ತೆ ಎಷ್ಟು ಅಡಿ ಅಗಲ, ರಕ್ತದ ಕಲೆ ಅಂಚಿನಿಂದ ಎಷ್ಟು ಅಡಿ, ಬ್ರೇಕಿನ ಗುರುತು ಎಷ್ಟು ಉದ್ದ, ಡಿವೈಡರಿನ ಸಂದು ಎಲ್ಲಿ. ಅಂಚಿನಲ್ಲೇ ಬಿದ್ದಿದ್ದರೆ ಚಾಲಕ ಅಲ್ಲಿಗೆ ಯಾಕೆ ಬಂದ ಎಂಬ ಪ್ರಶ್ನೆ ಏಳುತ್ತದೆ. ನಡುರಸ್ತೆಯಲ್ಲಿ ಬಿದ್ದಿದ್ದರೆ ಈಕೆ ಅಲ್ಲಿ ಯಾಕೆ ದಾಟಿದಳು ಎಂದು ವಿಮಾ ಕಂಪನಿಯ ವಕೀಲರು ಕೇಳುತ್ತಾರೆ. ಅವರ ಕೈಯಲ್ಲಿರುವ ಅಸ್ತ್ರವೂ ದೂರದ್ದೇ. ಕೆನಡಾದಲ್ಲಿ ರಸ್ತೆ ದಾಟುವಾಗ ಟ್ರಾಮಿಗೆ ಸಿಕ್ಕಿ ಸತ್ತ ನ್ಯಾನ್ಸ್ ಎಂಬವರ ಪ್ರಕರಣದಲ್ಲಿ 1951ರಲ್ಲಿ ಪ್ರಿವಿ ಕೌನ್ಸಿಲ್, ತನ್ನ ಸುರಕ್ಷತೆಯನ್ನು ತಾನೂ ನೋಡಿಕೊಳ್ಳದ ಪಾದಚಾರಿಯ ಪಾಲಿನ ತಪ್ಪನ್ನೂ ಎಣಿಸಬಹುದು ಎಂದಿತ್ತು. ನ್ಯಾಯಮಂಡಳಿ ಶೇ 20 ತಪ್ಪು ಪಾದಚಾರಿಯದ್ದು ಎಂದರೆ ನಮ್ಮ ಉದಾಹರಣೆಯಲ್ಲಿ 6 ಲಕ್ಷಕ್ಕೂ ಹೆಚ್ಚು ಕಡಿತ! ಒಂದು ಸಮಾಧಾನವೆಂದರೆ, ಕ್ರಿಮಿನಲ್ ಕೇಸಿನಂತೆ ಇಲ್ಲಿ ಅನುಮಾನಕ್ಕೆಡೆಯಿಲ್ಲದ ಸಾಕ್ಷ್ಯ ಬೇಕಿಲ್ಲ. ಹೀಗೆ ಆಗಿರುವ ಸಂಭವವೇ ಹೆಚ್ಚು ಎಂದು ತೋರಿಸಿದರೆ ಸಾಕು.

ದುಡ್ಡು ಕಟ್ಟುವವರು ಯಾರು? ಚಾಲಕ, ಮಾಲೀಕ, ವಿಮಾ ಕಂಪನಿ. ಮಾಲೀಕ ಎಂದರೆ ಆರ್‌ಸಿಯಲ್ಲಿ ಹೆಸರಿರುವವನು. ಹಳೇ ಬೈಕನ್ನು ಯಾರಿಗೋ ಮಾರಿ, ಆರ್‌ಸಿ ಟ್ರಾನ್ಸ್‌ಫರ್ ಮಾಡಿಸದೆ ಸುಮ್ಮನಿದ್ದೀರಾ? ಆ ಬೈಕು ನಾಳೆ ಯಾರಿಗೆ ಗುದ್ದಿದರೂ ಹೊಣೆ ನಿಮ್ಮದೇ ಎಂದು 2018ರ ನವೀನ್ ಕುಮಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸರ್ಕಾರಿ ಬಸ್ಸಾದರೂ ಬಿಡುಗಡೆಯಿಲ್ಲ. ಪರಿಹಾರ ಕಟ್ಟದ ನಿಗಮದ ಬಸ್ಸನ್ನು ಕೋರ್ಟಿನ ಅಮೀನರು ನಿಲ್ದಾಣದಲ್ಲೇ ಜಪ್ತಿ ಮಾಡಿದ ಸುದ್ದಿ ಕನ್ನಡ ಪತ್ರಿಕೆಗಳಿಗೆ ಹೊಸದಲ್ಲ. ಆದರೆ ಗಡಿಯಾರ ಓಡುತ್ತಿರುತ್ತದೆ. 1994ರಲ್ಲಿ ತೆಗೆದುಹಾಕಿದ್ದ ಗಡುವು 2022ರ ಏಪ್ರಿಲ್ 1ರಿಂದ ವಾಪಸ್ ಬಂದಿದೆ: ಅಪಘಾತವಾದ ಆರು ತಿಂಗಳೊಳಗೆ ಅರ್ಜಿ. ಇದರ ಸಿಂಧುತ್ವವೇ ಸುಪ್ರೀಂ ಕೋರ್ಟ್‌ನಲ್ಲಿ ಪ್ರಶ್ನೆಗೆ ಒಳಗಾಗಿದೆ. ಆದರೂ ತಿಥಿ ಮುಗಿಸಿ, ಬೆಳೆ ಕೊಯ್ದು, ಆಮೇಲೆ ನೋಡೋಣ ಎನ್ನುವ ಮನೆಗಳು ಇದನ್ನು ನೆನಪಿಡಬೇಕು.

ಈ ಎಲ್ಲ ಲೆಕ್ಕದಲ್ಲಿ ಒಬ್ಬರು ಮಾತ್ರ ಹಾಗೇ ಜಾರಿಕೊಳ್ಳುತ್ತಾರೆ. ರಸ್ತೆ ಮಾಡಿದವರು! 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತ 1,68,491 ಜನರಲ್ಲಿ 32,825 ಮಂದಿ ಪಾದಚಾರಿಗಳು. 2025ರ ಮೇ 14ರಂದು ಸುಪ್ರೀಂ ಕೋರ್ಟ್, ಫುಟ್‌ಪಾತ್ ಬಳಸುವುದು ಸಂವಿಧಾನದ 21ನೇ ವಿಧಿಯ ಜೀವಿಸುವ ಹಕ್ಕಿನ ಭಾಗ ಎಂದು ಸಾರಿತು. ಹಕ್ಕು ಇದೆ ಎಂದ ಮೇಲೆ ಅದನ್ನು ಕಸಿದವರಿಗೆ ಹೊಣೆಯೂ ಇರಬೇಕಲ್ಲವೆ? ಕಾಯ್ದೆಯಲ್ಲಿ 198ಎ ಎಂಬ ಕಲಮಿದೆ. ರಸ್ತೆ ವಿನ್ಯಾಸದ ಮಾನದಂಡ ಪಾಲಿಸದೆ ಸಾವಿಗೆ ಕಾರಣವಾದ ಪ್ರಾಧಿಕಾರಕ್ಕೆ, ಗುತ್ತಿಗೆದಾರನಿಗೆ ದಂಡ. ಎಷ್ಟು? ಹೆಚ್ಚೆಂದರೆ 1 ಲಕ್ಷ, ಅದೂ ಸತ್ತವರ ಮನೆಗಲ್ಲ, ಸರ್ಕಾರದ ಅಪಘಾತ ನಿಧಿಗೆ. ವಾಹನದವರ ಹೆಸರಿಗೆ 30 ಲಕ್ಷ, ದಾಟಲು ಜಾಗವೇ ಬಿಡದೆ ಆರು ಪಥ ಹಾಸಿದವರ ಹೆಸರಿಗೆ 1 ಲಕ್ಷ. ಗಣಿ ಕಾರ್ಮಿಕರ ಮನೆಯವರು ಹಾಕಿದ ಕೇಸು ಕೋರದವರೆಗೂ ಬಂತು. ಈ ಅಂತರವನ್ನು ಪ್ರಶ್ನಿಸುವ ಕೇಸು ಕೋರದಿಂದಲೇ ಯಾಕೆ ಹೊರಡಬಾರದು?