ಕಾಫಿಗಿಡದೊಳಗಿನ ಪುಟ್ಟ ಬೇಸಾಯಗಾರ

ಮಳೆಗಾಲದಲ್ಲಿ ಉಪ್ಪಿನಕಾಯಿ ಜಾಡಿಯ ಬಾಯಲ್ಲಿ ಬೂಷ್ಟು ಕಂಡರೆ ಯಾವ ಗೃಹಿಣಿಗೆ ತಾನೇ ಬೇಸರವಾಗದು? ಆದರೆ ಬೂಷ್ಟನ್ನೇ ಬಿತ್ತಿ, ಬೆಳೆದು, ಮಕ್ಕಳಿಗೆ ಉಣಿಸಿ ಬಾಳುವ ಜೀವಿಯೊಂದಿದೆ. ಬೆಳಗಿನ ವಾರ್ತೆ ಕೇಳುತ್ತ ನೀವು ಗುಟುಕರಿಸುವ ಕಾಫಿಗೂ ಅದಕ್ಕೂ ಹಗೆತನದ ನಂಟುಂಟು.

ಕೊಡಗು, ಚಿಕ್ಕಮಗಳೂರು, ಹಾಸನದ ಕಡೆಯ ರೊಬಸ್ಟ ತೋಟಗಳಲ್ಲಿ ಮಳೆಗಾಲ ಹಿಂದಾದ ಮೇಲೆ ಅಲ್ಲಲ್ಲಿ ಹಸಿರು ರೆಂಬೆಗಳು ಬಾಡಿ, ಎಲೆ ಉದುರಿ ಒಣಗುವುದನ್ನು ಕಾಣಬಹುದು. ರೆಂಬೆಯನ್ನು ತಿರುಗಿಸಿ ನೋಡಿದರೆ ಅಡಿಬದಿಯಲ್ಲಿ ಗುಂಡುಸೂಜಿ ಚುಚ್ಚಿದಂತಹ ಒಂದು ತೂತು. ತೋಟದವರು ಇದನ್ನು ‘ಶಾಟ್ ಹೋಲ್ ಬೋರರ್’ ಎಂದೇ ಕರೆಯುತ್ತಾರೆ. ಶಾಸ್ತ್ರಜ್ಞರು ಇಟ್ಟ ಹೆಸರು ಕ್ಸೈಲೊಸ್ಯಾಂಡ್ರಸ್ ಕಾಂಪ್ಯಾಕ್ಟಸ್. ಹೆಸರು ಇಷ್ಟುದ್ದವಾದರೂ ಹೆಣ್ಣುಹುಳುವಿನ ಉದ್ದ ಎರಡು ಮಿಲಿಮೀಟರೂ ಇಲ್ಲ!

ಮರ ಕೊರೆಯುವ ಹುಳು ಮರವನ್ನೇ ತಿನ್ನುತ್ತದೆಂದು ನಾವು ಭಾವಿಸುವುದು ಸಹಜ. ಅರೇಬಿಕ ಗಿಡಗಳ ಶತ್ರುವಾದ ಬಿಳಿ ಕಾಂಡಕೊರಕದ ಮರಿ ಹಾಗೆಯೇ ಮಾಡುತ್ತದೆ. ಆದರೆ ಈ ಪುಟ್ಟ ಕಪ್ಪು ಹುಳು ಮರವನ್ನು ಅಗಿದು, ಹುಡಿಯನ್ನು ಹೊರಕ್ಕೆ ತಳ್ಳಿಬಿಡುತ್ತದೆ. ಹಾಗಾದರೆ ಅದರ ಆಹಾರವೇನು?

ಈ ಪ್ರಶ್ನೆ ಯೂರೋಪಿನಲ್ಲೂ ವಿದ್ವಾಂಸರನ್ನು ಕಾಡಿತ್ತು. 1836ರಲ್ಲಿ ಆಸ್ಟ್ರಿಯದ ಶ್ಮಿಡ್‌ಬರ್ಗರ್ ಎಂಬಾತ ಇಂಥದೇ ಹುಳುಗಳ ಸುರಂಗದ ಗೋಡೆಗೆ ಅಂಟಿದ ಬಿಳಿಯ ಲೇಪವನ್ನು ಕಂಡು, ಅದಕ್ಕೆ ಗ್ರೀಕ್ ದೇವತೆಗಳ ಅಮೃತದ ಹೆಸರನ್ನೇ ಕೊಟ್ಟು ‘ಅಂಬ್ರೋಸಿಯ’ ಎಂದ. 1844ರಲ್ಲಿ ಜರ್ಮನಿಯ ಹಾರ್ಟಿಗ್ ಅದು ಬೂಷ್ಟು, ಎಂದರೆ ಶಿಲೀಂಧ್ರ, ಎಂದು ಗುರುತಿಸಿದ.

ತಾಯಿಹುಳುವಿನ ಮೈಯಲ್ಲಿ ಒಂದು ಪುಟ್ಟ ಚೀಲವಿದೆ. ಹುಟ್ಟಿದ ಮನೆಯನ್ನು ಬಿಟ್ಟು ಹೊರಡುವಾಗ ಅದು ಆ ಚೀಲದಲ್ಲಿ ಶಿಲೀಂಧ್ರದ ಬೀಜಕಣಗಳನ್ನು ಹೊತ್ತು ತರುತ್ತದೆ. ನಮ್ಮ ರೈತರು ಬಿತ್ತನೆಗೆಂದು ಬೀಜ ಕಾದಿಡುವಂತೆ. ಹೊಸ ರೆಂಬೆಯನ್ನು ಕೊರೆದು ಅದರ ತಿರುಳಿನಲ್ಲಿ ಬೀಜ ಬಿತ್ತಿ, ಅಲ್ಲಿಯೇ ಮೊಟ್ಟೆಯಿಡುತ್ತದೆ. ಮರಿಗಳು ಗೋಡೆಯ ಮೇಲಿನ ಬೆಳೆಯನ್ನು ಮೇಯ್ದು ಬಲಿಯುತ್ತವೆ. ಮೊಟ್ಟೆ ಹುಳುವಾಗಲು ಹೆಚ್ಚುಕಡಮೆ ಒಂದು ತಿಂಗಳು ಸಾಕು. ಗಂಡುಗಳು ಕೆಲವೇ, ಅವಕ್ಕೆ ಹಾರಲು ಬಾರದು. ಸುರಂಗದೊಳಗೇ ಕೂಡಿದ ಹೆಣ್ಣುಗಳು ಬೀಜದ ಚೀಲ ತುಂಬಿಕೊಂಡು ಬೇರೆ ರೆಂಬೆ ಹುಡುಕುತ್ತವೆ.

ಮಳೆ ಬಿದ್ದ ಮೇಲೆ ಹುತ್ತದ ಬಳಿ ಅಣಬೆ ಏಳುವುದನ್ನು ನೀವು ನೋಡಿರಬಹುದು. ಅವುಗಳಲ್ಲಿ ಕೆಲವು ಗೆದ್ದಲಿನ ಬೇಸಾಯದ ಫಲ. ಕೃಷಿಗೆ ಮೊದಲು ಕೈಹಾಕಿದವರು ನಾವಲ್ಲವೆಂದು ಒಪ್ಪಿಕೊಳ್ಳಲೇಬೇಕು.

ಈ ಜೋಡಿಯಲ್ಲಿ ಒಂದಿಲ್ಲದೆ ಇನ್ನೊಂದಿಲ್ಲ. ಶಿಲೀಂಧ್ರವಿಲ್ಲದೆ ಮರಿಗಳು ಉಪವಾಸ. ಹುಳುವಿಲ್ಲದೆ ಶಿಲೀಂಧ್ರಕ್ಕೆ ಹೊಸ ಗಿಡ ಸೇರುವ ವಾಹನವಿಲ್ಲ. ಸಿಂಹಳದ ಚಹಾ ತೋಟಗಳನ್ನು ಕಾಡಿದ ಇಂಥದೇ ಹುಳುವಿನ ಶಿಲೀಂಧ್ರವನ್ನು ಗ್ಯಾಡ್ ಮತ್ತು ಲೂಸ್ ಎಂಬ ವಿಜ್ಞಾನಿಗಳು 1947ರಲ್ಲಿ ವಿವರಿಸಿ ಹೆಸರಿಟ್ಟರು.

ಬೆಳೆಗಾರನ ಕಷ್ಟವಿರುವುದೂ ಇಲ್ಲಿಯೇ. ಹುಳು ಮರವನ್ನು ನುಂಗುವುದಿಲ್ಲವಾದ್ದರಿಂದ ತೊಗಟೆಯ ಮೇಲಿನ ವಿಷ ಅದರ ಹೊಟ್ಟೆಗಿಳಿಯುವುದು ಅಪರೂಪ. ಒಳಗೆ ಸೇರಿದ ಮೇಲಂತೂ ಸಿಂಪಡಿಸಿದ ಮದ್ದು ಅದನ್ನು ಮುಟ್ಟದು. ಆದ್ದರಿಂದ ಹಳೆಯ ಉಪಾಯವೇ ಮೇಲು: ತೂತಿನಿಂದ ಐದಾರು ಸೆಂಟಿಮೀಟರು ಹಿಂದಕ್ಕೆ ರೆಂಬೆಯನ್ನು ಕತ್ತರಿಸಿ ಸುಟ್ಟುಬಿಡುವುದು. ಬೇಸಗೆಯಲ್ಲಿ ಬೇಡದ ಚಿಗುರುಗಳನ್ನು ತೆಗೆದುಹಾಕಿದರೆ ಹುಳುವಿಗೆ ತಂಗಲು ಜಾಗವಿರದು. ತೇವವಿಲ್ಲದೆ ಬೂಷ್ಟು ಬೆಳೆಯುವುದುಂಟೆ? ಮರಗಸಿ ಮಾಡಿ ನೆರಳನ್ನು ಹದವಾಗಿಟ್ಟು, ನೀರು ನಿಲ್ಲದಂತೆ ನೋಡಿಕೊಳ್ಳುವುದೂ ಮದ್ದೇ.

ಹೊಸ ನಾಡು ಸೇರಿದಾಗ ಈ ಜೋಡಿಯ ಉಪಟಳ ಮಿತಿಮೀರುತ್ತದೆ. 2002ರಲ್ಲಿ ಅಮೆರಿಕದ ಜಾರ್ಜಿಯ ಪ್ರಾಂತದ ಸವಾನ್ನ ಬಂದರಿನ ಬಳಿ ಏಷ್ಯದ ಒಂದು ಹುಳು ಸಿಕ್ಕಿತು. ಅದು ಹೊತ್ತು ತಂದ ಶಿಲೀಂಧ್ರದ ರುಚಿ ಅಲ್ಲಿಯ ಮರಗಳಿಗೆ ಹೊಸದು. ಹುಳುವನ್ನಲ್ಲ, ಶಿಲೀಂಧ್ರವನ್ನು ತಡೆಯಲಾರದೆ ಕೋಟಿಗಟ್ಟಲೆ ‘ರೆಡ್‌ಬೇ’ ಮರಗಳು ಸತ್ತವು. ಫ್ಲಾರಿಡದ ಬೆಣ್ಣೆಹಣ್ಣಿನ ತೋಟಗಳಿಗೂ ಪಿಡುಗು ತಗುಲಿತು. ದೇಶದಿಂದ ದೇಶಕ್ಕೆ ಹೋಗುವ ಮರದ ಪೆಟ್ಟಿಗೆಗಳನ್ನು 56 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ 30 ನಿಮಿಷ ಕಾಯಿಸಬೇಕೆಂಬ ನಿಯಮ ಸುಮ್ಮನೆ ಬಂದದ್ದಲ್ಲ.

ಪಟ್ಟಣದಲ್ಲಿರುವ ನಿಮಗೂ ಇದರ ಗುರುತು ಸಿಗಬಹುದು. ಮಾವಿನ ಹಲಗೆಯಲ್ಲಿ ಸೂಜಿಯ ಮೊನೆಯಷ್ಟು ತೂತು, ಅದರ ಸುತ್ತ ಕಪ್ಪು ಕಲೆ ಇದ್ದು, ಹುಡಿ ಉದುರದಿದ್ದರೆ ಗಾಬರಿ ಬೇಡ. ಮರ ಹಸಿಯಾಗಿದ್ದಾಗ ನಡೆದ ಬೇಸಾಯದ ಗುರುತು ಅದು. ಮರ ಒಣಗಿದ ಮೇಲೆ ಬೆಳೆಯೂ ಇಲ್ಲ, ಬೇಸಾಯಗಾರನೂ ಇಲ್ಲ. ದಿನವೂ ನಯವಾದ ಹುಡಿ ಉದುರುತ್ತಿದ್ದರೆ ಮಾತ್ರ ಅದು ಒಣಮರವನ್ನೇ ತಿನ್ನುವ ಬೇರೆ ಹುಳು. ಆಗ ತಡಮಾಡದೆ ಬಡಗಿಯನ್ನು ಕರೆಸಿರಿ.